ಕೇಳದೆ ಬರುವ ಸಾಲಕ್ಕೆ ಅಡವೇನು?

ಹೋದ ವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಫೋನ್ ಬಂತು. "ಸರ್, ನಿಮಗೆ 4 ಲಕ್ಷ 80 ಸಾವಿರ ಲೋನ್ ಅಪ್ರೂವ್ ಆಗಿದೆ. ಹತ್ತೇ ನಿಮಿಷ. ಯಾವ ಡಾಕ್ಯುಮೆಂಟೂ ಬೇಡ." ನಾನು ಯಾರಿಗೂ ಅರ್ಜಿ ಹಾಕಿರಲಿಲ್ಲ. ಬೇಡಮ್ಮ ಎಂದೆ. "ಯಾಕೆ ಬೇಡ ಸರ್?" ಎಂದಳು ಹುಡುಗಿ. ತಟ್ಟನೆ ಉತ್ತರ ಹೊಳೆಯಲಿಲ್ಲ. ಸೊಪ್ಪು ಬೇಡ ಅಂದರೆ ಗಾಡಿಯವನು ಸುಮ್ನೆ ಮುಂದಿನ ಮನೆಗೆ ಹೋಗುತ್ತಾನೆ. ಸಾಲ ಬೇಡ ಅನ್ನುವವನು ಮಾತ್ರ ಕಾರಣ ಕೊಡಬೇಕಂತೆ. ಪಾಪ, ಆ ಹುಡುಗಿಗೂ ದಿನಕ್ಕೆ ಇಷ್ಟು ಕರೆ ಅಂತ ಟಾರ್ಗೆಟ್ ಇರುತ್ತದೆ. ಅವಳ ಮೇಲೆ ನನಗೆ ಸಿಟ್ಟಿಲ್ಲ.

ನಮ್ಮಜ್ಜನ ಕಾಲದಲ್ಲಿ ಸಾಲ ಬೇಕಾದವನು ಸಾಹುಕಾರನ ಜಗಲಿಯಲ್ಲಿ ಕಾಯುತ್ತಿದ್ದ. ಬರುವಾಗ ಹೊಲದ ಪತ್ರವನ್ನೋ ಹೆಂಡತಿಯ ಬಳೆಯನ್ನೋ ಬಿಟ್ಟು ಬರುತ್ತಿದ್ದ. ಈಗ ಸಾಲವೇ ಬಂದು ನಮ್ಮ ಜಗಲಿಯಲ್ಲಿ ಕೂತಿದೆ, ಪತ್ರವನ್ನೂ ಕೇಳುವುದಿಲ್ಲ, ಬಳೆಯನ್ನೂ ಕೇಳುವುದಿಲ್ಲ. ಏನೂ ಅಡವಿಲ್ಲದೆ ದುಡ್ಡು ಕೊಡುವ ಧಾರಾಳಿಗಳು ಇದ್ದಕ್ಕಿದ್ದಂತೆ ಎಲ್ಲಿಂದ ಹುಟ್ಟಿಕೊಂಡರು? ನನ್ನ ಲೆಕ್ಕದಲ್ಲಿ ಅಡವು ಇದ್ದೇ ಇದೆ. ಕೊಡುವ ದಿನ ಅದರ ಹೆಸರು ಹೇಳುವುದಿಲ್ಲ, ವಸೂಲಿಯ ದಿನ ಹೇಳುತ್ತಾರೆ. ನಾವು ಅಡವಿಟ್ಟದ್ದು ಮಾನ, ನಾಲ್ಕು ಜನರ ಎದುರಿನ ಮರ್ಯಾದೆ.

2025ರ ಜನವರಿಯ ಸುದ್ದಿಗಳನ್ನು ನೆನಪು ಮಾಡಿಕೊಳ್ಳಿ. ಚಾಮರಾಜನಗರ, ಮೈಸೂರು, ರಾಮನಗರ, ಹಾವೇರಿ ಕಡೆಯಿಂದ ದಿನಾ ಒಂದಲ್ಲ ಒಂದು ವರದಿ. ಮೈಕ್ರೋಫೈನಾನ್ಸ್ ಕಂತು ಕಟ್ಟಲಾಗದೆ ಮನೆಗೆ ಬೀಗ ಹಾಕಿ ಊರು ಬಿಟ್ಟವರು. ಬೀಗ ಹಾಕಲೂ ಪುರುಸೊತ್ತಿಲ್ಲದೆ ಜೀವ ಕಳೆದುಕೊಂಡವರು. ಕೆಲವು ಕಡೆ ಮನೆಯ ಗೋಡೆ ಮೇಲೆ ಪೇಂಟಿನಲ್ಲಿ ಬರೆದಿದ್ದರು: ಈ ಮನೆ ಅಡಮಾನವಾಗಿದೆ. ಈ ಬರಹ ಯಾರಿಗಾಗಿ, ಯೋಚಿಸಿ. ಮನೆಯವರಿಗೆ ಸಾಲ ಇರುವುದು ಗೊತ್ತೇ ಇದೆ. ಪೇಂಟ್ ಬಳಿದದ್ದು ಬೀದಿಯಲ್ಲಿ ಹೋಗುವವರು ಓದಲಿ ಅಂತ.

ಸಂಘದ ಸಾಲ, ಅಂದರೆ ಈ ಮೈಕ್ರೋಫೈನಾನ್ಸ್, ನಡೆಯುವುದೇ ಹೀಗೆ. ಐದೋ ಹತ್ತೋ ಹೆಂಗಸರ ಗುಂಪು. ಒಬ್ಬರಿಗೊಬ್ಬರು ಜಾಮೀನು. ವಾರಕ್ಕೊಮ್ಮೆ ಯಾರದೋ ಮನೆಯಲ್ಲಿ 'ಸೆಂಟರ್' ಸೇರುತ್ತದೆ, ಫೈನಾನ್ಸ್‌ನ ಹುಡುಗ ಬೈಕಿನಲ್ಲಿ ಬರುತ್ತಾನೆ. ಒಬ್ಬಳು ಕಟ್ಟದಿದ್ದರೆ ಉಳಿದವರು ಏಳುವ ಹಾಗಿಲ್ಲ. ಒಲೆ ಮೇಲೆ ಅನ್ನ ಇಟ್ಟು ಬಂದವಳು, ಕೂಲಿಗೆ ಹೊರಟವಳು, ಎಲ್ಲರೂ ಕೂತಿರಬೇಕು. ಹುಡುಗ ಬಯ್ಯುವುದೇ ಬೇಡ. ಪಕ್ಕದ ಮನೆಯವಳ ಮುಖ ನೋಡಿದರೆ ಸಾಕು, ಕಿವಿಯ ಓಲೆ ಬಿಚ್ಚಿ ಕೊಡಬೇಕು ಅನ್ನಿಸುತ್ತದೆ.

ನಮ್ಮ ಬೀದಿ ತುದಿಯಲ್ಲಿ ಹೂ ಮಾರುವಾಕೆಗೆ ಇಂಥ ನಾಲ್ಕು ಸಾಲಗಳಿವೆ. ಮಗಳ ಹಳೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ. ಸೋಮವಾರ ಒಂದು, ಬುಧವಾರ ಒಂದು, ಹದಿನೈದು ದಿನಕ್ಕೊಂದು, ತಿಂಗಳಿಗೊಂದು. ಎರಡನೆಯದನ್ನು ತೆಗೆದದ್ದು ಮೊದಲನೆಯದರ ಕಂತಿಗೆ. ಮೂರನೆಯದು ಅವಳದ್ದೇ ಅಲ್ಲ, ನಾದಿನಿಗಾಗಿ ಇವಳ ಹೆಸರಲ್ಲಿ ತೆಗೆದದ್ದು. ನಾದಿನಿ ಎರಡು ಕಂತು ಕೊಟ್ಟಳು, ಆಮೇಲೆ ಮಾತೂ ಇಲ್ಲ. ಇನ್ನೊಬ್ಬರ ಸಾಲಕ್ಕೆ ನಮ್ಮ ಆಧಾರ್ ಕೊಡುವುದು ಹಳ್ಳಿ, ಕೇರಿಗಳಲ್ಲಿ ಎಷ್ಟು ಸಹಜ ಅಂದರೆ ಅದನ್ನು ಯಾರೂ ಸಾಲ ಅಂತ ಎಣಿಸುವುದೇ ಇಲ್ಲ.

ತಿಂಗಳ ಕಂತಿನ ಸಾಲ 50,000 ರೂಪಾಯಿಯದು. "ಒಂದು ರೂಪಾಯಿ ಬಡ್ಡಿ ಅಷ್ಟೇ ಅಂದ್ರು" ಅಂತ ಹೇಳಿದಳು. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ. ಕೇಳಲು ಚೆನ್ನಾಗಿದೆ, ಅಲ್ವಾ? ಇಬ್ಬರೂ ಕೂತು ಲೆಕ್ಕ ಹಾಕಿದೆವು. ತಿಂಗಳಿಗೆ 500ರಂತೆ 24 ತಿಂಗಳಿಗೆ 12,000 ಬಡ್ಡಿ. ಒಟ್ಟು 62,000, ತಿಂಗಳ ಕಂತು 2,583. ಆದರೆ ವರ್ಷ ಕಳೆಯುವ ಹೊತ್ತಿಗೆ ಅಸಲಿನಲ್ಲಿ ಅರ್ಧ ತೀರಿರುತ್ತದೆ. ಬಡ್ಡಿ ಮಾತ್ರ ಪೂರ್ತಿ 50,000ಕ್ಕೇ ಓಡುತ್ತಿರುತ್ತದೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ವರ್ಷಕ್ಕೆ 12 ಪರ್ಸೆಂಟ್ ಅನ್ನುವುದು 21.6 ಆಗುತ್ತದೆ. ಅಷ್ಟಕ್ಕೇ ಮುಗಿಯಲಿಲ್ಲ. ಪ್ರೊಸೆಸಿಂಗ್ ಫೀ 1,500, ಅದರ ಜಿಎಸ್‌ಟಿ 270, ಇನ್ಶೂರೆನ್ಸ್ 1,000 ಮುರಿದುಕೊಂಡು ಕೈಗೆ ಕೊಟ್ಟದ್ದು 47,230. ಅದನ್ನೂ ಸೇರಿಸಿದರೆ ವರ್ಷಕ್ಕೆ ಹತ್ತಿರಹತ್ತಿರ 27.5 ಪರ್ಸೆಂಟ್. ಒಂದು ರೂಪಾಯಿ ಬಡ್ಡಿ ಎರಡೂಕಾಲು ದಾಟಿತು. ಅವಳು ನಕ್ಕುಬಿಟ್ಟಳು. "ಹೂವಿನ ಮೊಳದಲ್ಲಿ ನಾನೂ ಇಷ್ಟು ಮೋಸ ಮಾಡಲ್ಲಪ್ಪ" ಅಂದಳು.

ಇದು ಲೈಸೆನ್ಸ್ ಇರುವವರ ಕಥೆ. ಮಾರ್ಕೆಟ್ಟಿನ ದಿನದ ಬಡ್ಡಿಯನ್ನೂ ಒಮ್ಮೆ ನೋಡಿಬಿಡಿ. 10,000 ಸಾಲ ಅಂತ ಬರೆದು 9,000 ಕೈಗಿಡುತ್ತಾರೆ. ದಿನಕ್ಕೆ 100ರಂತೆ 100 ದಿನ. ಸಾವಿರ ರೂಪಾಯಿ ತಾನೇ ಅನ್ನಿಸುತ್ತದೆ. ಆದರೆ ಅಸಲು ದಿನದಿನಕ್ಕೆ ಕರಗುತ್ತಿರುತ್ತದೆ, ಅವಧಿ ಮೂರು ತಿಂಗಳು ಚಿಲ್ಲರೆ. ವರ್ಷದ ಲೆಕ್ಕಕ್ಕೆ ತಂದರೆ 75 ಪರ್ಸೆಂಟ್ ದಾಟುತ್ತದೆ. ಇದಕ್ಕಿಂತ ಮೇಲಿನದು ಮೀಟರ್ ಬಡ್ಡಿ. ಅದರ ಲೆಕ್ಕ ಹಾಕುವುದರಲ್ಲಿ ಅರ್ಥವಿಲ್ಲ, ಅಲ್ಲಿ ಲೆಕ್ಕ ಬರೆಯುವವನೇ ಹೊಡೆಯುವವನು. ಅತಿ ಬಡ್ಡಿ ತಡೆಯಲು ಕರ್ನಾಟಕದಲ್ಲಿ 2004ರಿಂದಲೇ ಒಂದು ಕಾಯ್ದೆ ಇದೆ ಅಂತ ಹೇಳಿದರೆ ಮಾರ್ಕೆಟ್ಟಿನಲ್ಲಿ ನಗುತ್ತಾರೆ.

ಇನ್ನು ಮೊಬೈಲಿನವರು. ಕೊರೊನಾ ಕಾಲದಲ್ಲಿ ಕೆಲಸ ಹೋಗಿ, ಅಂಗಡಿ ಮುಚ್ಚಿ, ಜನ ಕೈ ಖಾಲಿ ಮಾಡಿಕೊಂಡು ಕೂತಿದ್ದಾಗ ಈ ಸಾಲದ ಆಪ್‌ಗಳು ಅಣಬೆಯ ಹಾಗೆ ಎದ್ದವು. ರಿಸರ್ವ್ ಬ್ಯಾಂಕಿನ ಸಮಿತಿಯೊಂದು 2021ರ ಮೊದಲ ಎರಡು ತಿಂಗಳಲ್ಲಿ ಹುಡುಕಿದಾಗ ಸುಮಾರು 1,100 ಆಪ್ ಸಿಕ್ಕವು. ಅವುಗಳಲ್ಲಿ 600ರಷ್ಟು ಅಕ್ರಮ. ಇವುಗಳ ಸಾಮಾನ್ಯ ಆಟ ಹೀಗಿರುತ್ತದೆ: 5,000 ಸಾಲ ಅನ್ನುತ್ತಾರೆ, ಫೀ ಮುರಿದು 3,200 ಹಾಕುತ್ತಾರೆ, ಏಳು ದಿನದಲ್ಲಿ 5,000 ವಾಪಸ್ ಕೇಳುತ್ತಾರೆ. ಆರನೇ ದಿನದಿಂದಲೇ ಬೈಗುಳ ಶುರು. ಆಪ್ ಹಾಕಿಕೊಳ್ಳುವಾಗ "ಅಲೋ" ಅಂತ ಒತ್ತಿದ್ದೆವಲ್ಲ, ಆ ಹೊತ್ತಿಗೆ ನಮ್ಮ ಫೋನಿನ ಅಷ್ಟೂ ನಂಬರು, ಅಷ್ಟೂ ಫೋಟೋ ಅವರ ಕೈ ಸೇರಿರುತ್ತವೆ. ಮಾವನಿಗೆ, ಆಫೀಸಿನ ಮ್ಯಾನೇಜರಿಗೆ, ಮಗುವಿನ ಟೀಚರಿಗೆ ವಾಟ್ಸಾಪ್ ಹೋಗುತ್ತದೆ. ತಿರುಚಿದ ಅಶ್ಲೀಲ ಫೋಟೋ ಹೋಗುತ್ತದೆ. ಹಳ್ಳಿಯಲ್ಲಿ ಗೋಡೆಗೆ ಬಳಿದ ಪೇಂಟು ಇಲ್ಲಿ ವಾಟ್ಸಾಪ್ ಗುಂಪಿಗೆ ಬಳಿದಂತೆ. ಅವರಿಗೆ ನಿಮ್ಮ ಸಂಬಳದ ಚೀಟಿ ಯಾಕೆ ಬೇಕಾಗಲಿಲ್ಲ ಅಂತ ಈಗ ಗೊತ್ತಾಯಿತಲ್ಲ.

ಹೀಗೆ ನೋಡಿದರೆ ಕಳೆದ ನಾಲ್ಕೈದು ವರ್ಷದ ನಿಯಮಗಳ ಹೂರಣ ಬೇಗ ತಿಳಿಯುತ್ತದೆ. ಬಡ್ಡಿಗೆ ಮಿತಿ ಹಾಕುವ ಗೋಜಿಗೆ ಹೆಚ್ಚಿನವು ಹೋಗಿಲ್ಲ. ಮೈಕ್ರೋಫೈನಾನ್ಸ್ ಬಡ್ಡಿಗಿದ್ದ ಮಿತಿಯನ್ನು 2022ರಲ್ಲಿ ರಿಸರ್ವ್ ಬ್ಯಾಂಕೇ ತೆಗೆದುಹಾಕಿತು. ಕ್ರೆಡಿಟ್ ಕಾರ್ಡ್ ಬಡ್ಡಿ ವರ್ಷಕ್ಕೆ 30 ಪರ್ಸೆಂಟ್ ಮೀರಬಾರದು ಎಂಬ 2008ರ ಗ್ರಾಹಕ ಆಯೋಗದ ತೀರ್ಪನ್ನು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಬದಿಗಿಟ್ಟಿತು. ಬಡ್ಡಿ ವಿಪರೀತ ಆಯಿತು ಅಂತ 2024ರ ಅಕ್ಟೋಬರಿನಲ್ಲಿ ನಾಲ್ಕು ಹಣಕಾಸು ಕಂಪನಿಗಳು ಹೊಸ ಸಾಲ ಕೊಡದಂತೆ ರಿಸರ್ವ್ ಬ್ಯಾಂಕ್ ತಡೆದದ್ದು ನಿಜ. ಆದರೆ ಇಷ್ಟೇ ಬಡ್ಡಿ ಇರಬೇಕು ಅಂತ ಅದು ಹೇಳಲಿಲ್ಲ. ಬಡ್ಡಿಯ ವಿಷಯದಲ್ಲಿ ಸರ್ಕಾರ ನಮ್ಮನ್ನು ಕಾಯುತ್ತದೆ ಅಂತ ಕೂರುವುದು ಬೇಡ. ನಿಯಮಗಳು ಗಟ್ಟಿಯಾಗಿರುವುದು ಇನ್ನೊಂದು ಕಡೆ. ಅಡವಿಟ್ಟ ಮಾನವನ್ನು ಅವು ಬಿಡಿಸಿಕೊಡುತ್ತವೆ.

ಮೈಕ್ರೋಫೈನಾನ್ಸ್ ಬಗ್ಗೆ 2022ರ ಏಪ್ರಿಲ್ 1ರಿಂದ ಇರುವ ನಿಯಮ ನೋಡಿ. ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಅಡವಿಲ್ಲದೆ ಕೊಡುವ ಸಾಲಗಳಿಗೆ ಅದು ಅನ್ವಯ. ಎಲ್ಲ ಸಾಲಗಳ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ಮೀರಬಾರದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ಮೇಲೆ ವಸೂಲಿಗೆ ಬರುವಂತಿಲ್ಲ, ಫೋನೂ ಮಾಡುವಂತಿಲ್ಲ. ನೆಂಟರು, ಸ್ನೇಹಿತರು, ಜೊತೆಯ ಕೆಲಸಗಾರರನ್ನು ಪೀಡಿಸುವಂತಿಲ್ಲ. ಸಾಲಗಾರರ ಹೆಸರನ್ನು ಬಹಿರಂಗ ಮಾಡುವಂತಿಲ್ಲ. ಹೂ ಮಾರುವಾಕೆಗೆ ಇದನ್ನು ಓದಿ ಹೇಳಿದೆ. ಸಂಜೆ ಆರು ಅಂದಾಗ ತಲೆ ಎತ್ತಿ ನೋಡಿದಳು. ಅವಳ ಮನೆಗೆ ಎಂಟೂವರೆಗೆ ಬಂದು ಕೂರುತ್ತಿದ್ದರಂತೆ. ಬ್ಯಾಂಕು, ಕಾರ್ಡು, ಬೇರೆ ಸಾಲಗಳಿಗೆ ಈ ಹೊತ್ತು ಬೆಳಿಗ್ಗೆ 8ರಿಂದ ಸಂಜೆ 7. ಆಪ್ ಸಾಲಗಳಿಗೆ 2022ರ ಸೆಪ್ಟೆಂಬರಿನಲ್ಲಿ ನಿಯಮ ಬಂತು, 2025ರ ಮೇ ತಿಂಗಳಲ್ಲಿ ಅದು ಇನ್ನಷ್ಟು ಬಿಗಿಯಾಯಿತು. ಕಾಂಟ್ಯಾಕ್ಟು, ಕಾಲ್ ಲಾಗ್, ಫೋಟೋಗಳನ್ನು ಮುಟ್ಟುವಂತಿಲ್ಲ. ದುಡ್ಡು ನೇರವಾಗಿ ನಮ್ಮ ಖಾತೆಗೇ ಬರಬೇಕು. ತಪ್ಪಾಯಿತು ಅನ್ನಿಸಿದರೆ ಹೊರಬರಲು ಕನಿಷ್ಠ ಒಂದು ದಿನ ಕೊಡಬೇಕು, ಅಷ್ಟರಲ್ಲಿ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕಟ್ಟಿ, ದಂಡವಿಲ್ಲದೆ ಹೊರಬರಬಹುದು. ಸಾಲದ ಆಪ್‌ಗಳ ಪಟ್ಟಿಯೂ ಈಗ ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲಿದೆ. ಆಪ್‌ನ ಹೆಸರು ಆ ಪಟ್ಟಿಯಲ್ಲಿಲ್ಲ ಅಂದರೆ ಅಲ್ಲಿಗೆ ಮಾತು ಮುಗಿಯಿತು. ಟೆಲಿಗ್ರಾಂನಲ್ಲೋ ವಾಟ್ಸಾಪಿನಲ್ಲೋ ಎಪಿಕೆ ಫೈಲು (ಪ್ಲೇ ಸ್ಟೋರ್ ಬಿಟ್ಟು ನೇರವಾಗಿ ಆಪ್ ಹಾಕುವ ಫೈಲು) ಕಳಿಸಿ "ಇದನ್ನು ಹಾಕ್ಕೊಳ್ಳಿ" ಅಂದರೆ ಪಟ್ಟಿ ನೋಡುವುದೂ ಬೇಡ.

ನಮ್ಮ ರಾಜ್ಯದ ಕಥೆ ಸ್ವಲ್ಪ ತಿರುವುಗಳಿಂದ ಕೂಡಿದೆ. ಜನವರಿಯ ಗಲಾಟೆಯ ನಂತರ ಸರ್ಕಾರ ವಸೂಲಿಯ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದಿತು. ರಾಜ್ಯಪಾಲರು ಮೊದಲು ವಾಪಸ್ ಕಳಿಸಿದರು. ಕೊಡುವ ಸಾಲವೇ ಹೆಚ್ಚೆಂದರೆ 3 ಲಕ್ಷ, ದಂಡ 5 ಲಕ್ಷ, ಜೈಲು 10 ವರ್ಷ ಅಂದರೆ ಹೆಚ್ಚಾಯಿತು ಎಂಬುದು ಅವರ ಒಂದು ತಕರಾರು. ಎರಡನೇ ಸಲ, 2025ರ ಫೆಬ್ರುವರಿ 12ರಂದು ಅಂಕಿತ ಬಿತ್ತು. ಮಾರ್ಚಿನಲ್ಲಿ ವಿಧಾನಮಂಡಲ ಅದನ್ನು ಕಾಯ್ದೆಯಾಗಿ ಒಪ್ಪಿತು. ಕಿರುಕುಳ ಕೊಟ್ಟು ವಸೂಲಿ ಮಾಡಿದರೆ ಆ 10 ವರ್ಷದವರೆಗಿನ ಜೈಲು, 5 ಲಕ್ಷದವರೆಗಿನ ದಂಡ ಹಾಗೇ ಇದೆ. ಪೊಲೀಸರು ದೂರು ತೆಗೆದುಕೊಳ್ಳಲ್ಲ ಅನ್ನುವ ಹಾಗಿಲ್ಲ. ಲೈಸೆನ್ಸೂ ನೋಂದಣಿಯೂ ಇಲ್ಲದವನು ಬಡವರಿಗೆ ಕೊಟ್ಟ ಸಾಲ ಬಡ್ಡಿ ಸಮೇತ ಮನ್ನಾ ಆದಂತೆ. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿಕೊಂಡ ಬ್ಯಾಂಕು, ಹಣಕಾಸು ಕಂಪನಿಗಳಿಗೆ ಈ ಕಾಯ್ದೆ ತಾಗುವುದಿಲ್ಲ. ಗೋಡೆಗೆ ಪೇಂಟ್ ಬಳಿಸುವ ಕಂಪನಿ ನೋಂದಾಯಿತವಾಗಿದ್ದರೆ ಹೋಗಬೇಕಾದ್ದು ಬೇರೆ ಬಾಗಿಲಿಗೆ. ಮೊದಲು ಕಂಪನಿಗೇ ಬರೆದು ದೂರು ಕೊಡಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್ ಇದ್ದಾರೆ, ಫೋನ್ 14448. ಬೆದರಿಕೆ, ಹೊಡೆತ, ಫೋಟೋ ತಿರುಚುವುದು ಇವೆಲ್ಲ ಹೇಗೂ ಅಪರಾಧವೇ. ಅದಕ್ಕೆ ಪೊಲೀಸ್ ಠಾಣೆ, ಆನ್‌ಲೈನ್ ಆಗಿದ್ದರೆ ಸೈಬರ್ ಅಪರಾಧದ ಸಹಾಯವಾಣಿ 1930.

ವಸೂಲಿಯವರು ಹೇಳುವ ದೊಡ್ಡ ಸುಳ್ಳು "ಜೈಲಿಗೆ ಹಾಕಿಸ್ತೀವಿ". ಕಷ್ಟ ಬಂದು ಸಾಲ ತೀರಿಸಲಾಗದಿದ್ದರೆ ಅದು ಅಪರಾಧವಲ್ಲ, ಸಿವಿಲ್ ವ್ಯಾಜ್ಯ. ಆದರೆ ಇಲ್ಲೊಂದು ಗುಂಡಿ ಇದೆ. ಚೆಕ್ ಬೌನ್ಸ್ ಆದರೆ ಕ್ರಿಮಿನಲ್ ಕೇಸು ಹಾಕಬಹುದು. ಖಾತೆಯಿಂದ ತಾನಾಗಿ ಕಂತು ಮುರಿದುಕೊಳ್ಳಲು ಕೊಟ್ಟ ಒಪ್ಪಿಗೆ ಬೌನ್ಸ್ ಆದರೂ ಅಷ್ಟೇ. ಅದಕ್ಕೇ ಖಾಸಗಿಯವರು ಖಾಲಿ ಚೆಕ್ಕಿಗೆ ಸಹಿ ಕೇಳುವುದು. "ಸುಮ್ನೆ ಸೆಕ್ಯೂರಿಟಿಗೆ" ಅನ್ನುತ್ತಾರೆ. ಸುಮ್ನೆ ಇಟ್ಟುಕೊಳ್ಳುವುದಾಗಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಈಗ ನನಗೆ ಬಂದ ಆ ಫೋನಿಗೆ ವಾಪಸ್ ಬರೋಣ. ಅವರಿಗೆ ನನ್ನ ನಂಬರು ಸಿಕ್ಕಿದ್ದು ಹೇಗೆ? ಹಲವು ದಾರಿಗಳಿವೆ. ಖಾತೆ ಇರುವ ಬ್ಯಾಂಕಿಗೆ ನಮ್ಮ ಸಂಬಳ, ಖರ್ಚು ಎಲ್ಲ ಕಾಣುತ್ತದೆ, ಅದರ ಮೇಲೆ 'ಪ್ರೀ ಅಪ್ರೂವ್ಡ್' ಅಂತ ಪಟ್ಟಿ ಮಾಡುತ್ತಾರೆ. ಇನ್ನೊಂದು ದಾರಿ ನಾವೇ ತೆರೆದದ್ದು. ಯಾವುದೋ ಆಪ್‌ನಲ್ಲಿ ಫ್ರೀ ಕ್ರೆಡಿಟ್ ಸ್ಕೋರ್ ನೋಡುತ್ತೇವೆ. ಕೆಳಗೆ ಸಣ್ಣ ಚೌಕ, ಅದರಲ್ಲಿ ಮೊದಲೇ ಟಿಕ್ ಹಾಕಿರುತ್ತದೆ: ನಮ್ಮ ಪಾಲುದಾರರು ನಿಮ್ಮನ್ನು ಸಂಪರ್ಕಿಸಬಹುದು. ಗ್ರಾಹಕರನ್ನು ದಾರಿ ತಪ್ಪಿಸುವ ಇಂಥ ವಿನ್ಯಾಸಗಳ ವಿರುದ್ಧ 2023ರ ನವೆಂಬರಿನಲ್ಲಿ ಕೇಂದ್ರದ ಮಾರ್ಗಸೂಚಿ ಬಂದಿದೆ. ಟಿಕ್ ಮಾತ್ರ ಇನ್ನೂ ಅಲ್ಲಲ್ಲಿ ಉಳಿದುಕೊಂಡಿದೆ. ಇನ್ನು 'ಅಪ್ರೂವ್ ಆಗಿದೆ' ಅನ್ನುವ ಮಾತು. ಅದು ಎಷ್ಟೋ ಸಲ ಬರೀ ಬಲೆ. ಹೂಂ ಅಂದ ಮೇಲೆ ಅರ್ಜಿ, ತಪಾಸಣೆ, ತಿರಸ್ಕಾರ ಎಲ್ಲ ಇದ್ದೇ ಇರುತ್ತದೆ. ಹಾಗೆ ಹಾಕಿದ ಪ್ರತಿ ಅರ್ಜಿಯೂ ಕ್ರೆಡಿಟ್ ವರದಿಯಲ್ಲಿ ಒಂದು ಗುರುತು ಬಿಟ್ಟು ಹೋಗುತ್ತದೆ.

ಕರೆ ನಿಲ್ಲಿಸಲು 1909ಕ್ಕೆ ಡಿಎನ್‌ಡಿ, ಅಂದರೆ 'ತೊಂದರೆ ಕೊಡಬೇಡಿ' ಅಂತ, ನೋಂದಾಯಿಸಬೇಕು. ಎಲ್ಲರಿಗೂ ಗೊತ್ತಿರುವ ವಿಷಯ, ಮಾಡಿದವರು ಕಡಿಮೆ. ಮಾರಾಟದ ಕರೆ 140ರಿಂದ ಶುರುವಾಗುವ ನಂಬರಿನಿಂದಲೇ ಬರಬೇಕು. ಮಾಮೂಲಿ ಹತ್ತಂಕಿ ಮೊಬೈಲಿನಿಂದ ಸಾಲ ಮಾರುವುದೇ ನಿಯಮಕ್ಕೆ ವಿರುದ್ಧ. 7 ದಿನದೊಳಗೆ ದೂರು ಕೊಡಬಹುದು. ನಾನು ಕೊಟ್ಟಿದ್ದೇನೆ. ಕರೆಗಳು ನಿಂತಿಲ್ಲ, ಕಮ್ಮಿಯಾಗಿವೆ.

ಕೇಳದೆ ಬಂದ ಕ್ರೆಡಿಟ್ ಕಾರ್ಡಿನ ವಿಷಯದಲ್ಲಿ ನಿಯಮ ನಿಜಕ್ಕೂ ನಮ್ಮ ಕಡೆ ಇದೆ, ಜನಕ್ಕೆ ಗೊತ್ತಿಲ್ಲ ಅಷ್ಟೇ. 2022ರ ಜುಲೈಯಿಂದ, ಒಪ್ಪಿಗೆ ಇಲ್ಲದೆ ಕಾರ್ಡು ಕಳಿಸುವುದೇ ನಿಷಿದ್ಧ. ಕಳಿಸಿ, ಚಾಲೂ ಮಾಡಿ, ಬಿಲ್ ಹಾಕಿದರೆ ಆ ಬಿಲ್ ರದ್ದು ಮಾಡುವುದಲ್ಲದೆ ಅದರ ಎರಡರಷ್ಟು ದಂಡವನ್ನು ನಮಗೆ ಕೊಡಬೇಕು. ಕಾರ್ಡು ಮುಚ್ಚಿ ಅಂತ ಕೇಳಿ, ಬಾಕಿ ಇಲ್ಲದಿದ್ದರೆ, 7 ಕೆಲಸದ ದಿನದಲ್ಲಿ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿ. ಹಾಗೇ, ನಮ್ಮ ಸಾಲಗಳ ಲೆಕ್ಕ ಇಡುವ ನಾಲ್ಕು ಕ್ರೆಡಿಟ್ ಬ್ಯೂರೋಗಳೂ ವರ್ಷಕ್ಕೊಮ್ಮೆ ಪುಕ್ಕಟೆ ವರದಿ ಕೊಡಲೇಬೇಕು. ತರಿಸಿ ನೋಡಿ. ನೀವು ತೆಗೆಯದ ಸಾಲ ನಿಮ್ಮ ಹೆಸರಲ್ಲಿ ಇದ್ದರೆ ಗೊತ್ತಾಗುವುದು ಅಲ್ಲೇ. ದೂರು ಕೊಟ್ಟು 30 ದಿನದಲ್ಲಿ ಸರಿ ಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ.

ಇಷ್ಟೆಲ್ಲದರಲ್ಲಿ ನಾನು ಜಾಸ್ತಿ ನಂಬುವುದು ಒಂದು ಕಾಗದವನ್ನು. ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಅಂತ ಅದರ ಹೆಸರು. 2024ರ ಅಕ್ಟೋಬರ್ 1ರಿಂದ ಬ್ಯಾಂಕು, ಹಣಕಾಸು ಕಂಪನಿಗಳು ಕೊಡುವ ಪ್ರತಿ ಚಿಲ್ಲರೆ (ರೀಟೇಲ್) ಸಾಲಕ್ಕೂ ಇದನ್ನು ಕೊಡಲೇಬೇಕು, ನಮಗೆ ತಿಳಿಯುವ ಭಾಷೆಯಲ್ಲಿ. ಫೀ, ಇನ್ಶೂರೆನ್ಸು ಎಲ್ಲ ಸೇರಿದ ನಿಜವಾದ ವಾರ್ಷಿಕ ದರ ಅದರಲ್ಲಿರಬೇಕು. ನಾವಿಬ್ಬರು ಅರ್ಧ ಗಂಟೆ ಕೂತು ತೆಗೆದ 27.5 ಅಲ್ಲಿ ಮೊದಲೇ ಅಚ್ಚಾಗಿರುತ್ತದೆ. ಅದರಲ್ಲಿ ಬರೆಯದ ಶುಲ್ಕವನ್ನು ಆಮೇಲೆ ನಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ. ಏಳು ದಿನ ಅಥವಾ ಅದಕ್ಕಿಂತ ಹೆಚ್ಚಿನ ಅವಧಿಯ ಸಾಲವಾದರೆ ಯೋಚಿಸಲು ಕನಿಷ್ಠ ಮೂರು ಕೆಲಸದ ದಿನ ಕೊಡಬೇಕು. "ಇವತ್ತೇ ಲಾಸ್ಟ್ ಡೇಟ್ ಸರ್" ಅನ್ನುವ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಕಾಗದ ಕಳಿಸಿ, ಮೂರು ದಿನ ಬಿಟ್ಟು ಹೇಳ್ತೀನಿ.

ಇಷ್ಟು ಬರೆದ ಮೇಲೂ ಒಂದು ಮಾತು ಉಳಿಯುತ್ತದೆ. ಸಂಘದ ಸಾಲವನ್ನೇ ಮುಚ್ಚಿಸಿ ಅನ್ನುವವರ ಜೊತೆ ನಾನಿಲ್ಲ. ಆಂಧ್ರದಲ್ಲಿ 2010ರ ಅಕ್ಟೋಬರಿನಲ್ಲಿ ಹೀಗೇ ಸುಗ್ರೀವಾಜ್ಞೆ ಬಂತು. ವಸೂಲಿ ನಿಂತಿತು, ಹೊಸ ಸಾಲವೂ ನಿಂತಿತು. ಜೂನ್ ಬಂದರೆ ಸ್ಕೂಲ್ ಫೀ, ಮಳೆ ಬಂದರೆ ಸೋರುವ ಸೂರು, ನಡುವೆ ಒಂದು ಆಸ್ಪತ್ರೆ. 15,000 ರೂಪಾಯಿಗೆ ಬ್ಯಾಂಕಿನ ಮೆಟ್ಟಿಲು ಹತ್ತಿದ ಹೂವಿನಾಕೆಗೆ ಯಾವ ಮ್ಯಾನೇಜರ್ ಕುರ್ಚಿ ತೋರಿಸಿದ್ದಾನೆ? ಜಮೀನಿದ್ದವರಿಗೆ ಸಹಕಾರ ಸಂಘದಲ್ಲಿ 5 ಲಕ್ಷದವರೆಗೆ ಬಡ್ಡಿಯಿಲ್ಲದ ಬೆಳೆಸಾಲ ಇದೆ. ಜಮೀನಿಲ್ಲದವಳಿಗೆ ಇರುವುದು ಬೈಕಿನ ಹುಡುಗ, ಇಲ್ಲವೇ ಮೀಟರ್ ಬಡ್ಡಿ. ಚೂರು ಚಿನ್ನ ಇದ್ದರೆ ಬ್ಯಾಂಕಿನಲ್ಲೇ ಇಟ್ಟು ತರುವುದು ಎಷ್ಟೋ ವಾಸಿ. ಅಲ್ಲಿ ಅಡವು ಕಣ್ಣೆದುರಿಗೆ ತಕ್ಕಡಿಯಲ್ಲಿ ತೂಗುತ್ತದೆ, ಹೋದರೆ ಅಷ್ಟೇ ಹೋಗುತ್ತದೆ. ಈಗಾಗಲೇ ನಾಲ್ಕರಲ್ಲಿ ಸಿಕ್ಕಿಕೊಂಡವರು ಐದನೆಯದನ್ನು ತೆಗೆದು ನಾಲ್ಕನ್ನು ತೀರಿಸುವುದು ಬೇಡ. ಕಂತು ಇಳಿಸಿ, ಅವಧಿ ಏರಿಸಿ ಅಂತ ಬರವಣಿಗೆಯಲ್ಲಿ ಕೇಳಿ, ಸ್ವೀಕೃತಿ ಹಾಕಿಸಿಕೊಳ್ಳಿ. ಮನೆಯವರಿಗೆ ಹೇಳಿ. ಮುಚ್ಚಿಟ್ಟ ಸಾಲಕ್ಕೇ ವಸೂಲಿಯವನ ಬೆದರಿಕೆ ನಡೆಯುವುದು. ಹೇಳಲೂ ಆಗದಷ್ಟು ಕುಗ್ಗಿ, ಬದುಕೇ ಬೇಡ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅದು, ಕನ್ನಡದಲ್ಲೇ ಮಾತಾಡುತ್ತಾರೆ, ಹಗಲೂ ರಾತ್ರಿಯೂ ಇರುತ್ತಾರೆ.

ಹೂ ಮಾರುವಾಕೆಗೆ ಐದನೇ ಸಾಲದ ಆಫರ್ ಬಂದೇ ಬಂತು. ಸೋಮವಾರದ ಹುಡುಗ ಸೆಂಟರಿನಲ್ಲೇ ಎಲ್ಲರ ಎದುರು ಹೇಳಿದನಂತೆ, "ಅಕ್ಕ, ನಿಮ್ಮದು ಒಳ್ಳೇ ರೆಕಾರ್ಡು, ಟಾಪ್ ಅಪ್ ಸಿಗುತ್ತೆ." ಇವಳು ಪೇಪರ್ ಕೊಡಿ, ಮಗಳ ಹತ್ರ ಓದಿಸ್ತೀನಿ ಅಂದಳು. ಕೊಟ್ಟ. ಇಂಗ್ಲಿಷಿನಲ್ಲಿತ್ತು. ಕನ್ನಡದ್ದು ಕೊಡಿ ಅಂತ ಅಲ್ಲೇ ವಾಪಸ್ ಕೊಟ್ಟಳು. ಮುಂದಿನ ವಾರ ತರ್ತೀನಿ ಅಂದ. ಮೂರು ಸೋಮವಾರ ಕಳೆದಿದೆ. ಕಂತಿಗೆ ತಪ್ಪದೆ ಬರುತ್ತಾನೆ. ಪೇಪರ್ ಇನ್ನೂ ಬಂದಿಲ್ಲ.